ಗಾಳಿಗೆ ಎದುರಾಗಿ ಹರಿಯುವ ಕಡಲು

ಕಾವೇರಿಯು ಆರು ತಿಂಗಳು ಮೂಡಣಕ್ಕೂ ಆರು ತಿಂಗಳು ಪಡುವಣಕ್ಕೂ ಹರಿಯುವಳೆಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುವೆವು. ಆದರೆ ಹಿಂದೂ ಮಹಾಸಾಗರದ ಬಡಗಣ ಭಾಗದಲ್ಲಿ ಇಂಥ ವಿಚಿತ್ರವು ವರ್ಷವರ್ಷವೂ ನಡೆಯುತ್ತಿರುವುದು.

ನೈಋತ್ಯ ಮಾರುತದ ಕಾಲದಲ್ಲಿ ಆಫ್ರಿಕದ ತೀರದ ಸೊಮಾಲಿ ಪ್ರವಾಹವು ಸೆಕೆಂಡಿಗೆ 2 ಮೀಟರಿಗೂ ಮಿಗಿಲಾದ ವೇಗದಿಂದ ಈಶಾನ್ಯಕ್ಕೆ ಧಾವಿಸುವುದು. ಈಶಾನ್ಯ ಮಾರುತವು ಬೀಸತೊಡಗಿದ ಮೇಲೆ ಅದೇ ನೀರು ನೈಋತ್ಯಕ್ಕೆ ತಿರುಗುವುದು. ಶ್ರೀಲಂಕೆಯ ತೆಂಕಣ ಕಡಲಿನಲ್ಲಿಯೂ ಮುಂಗಾರಿನ ಪ್ರವಾಹವು ಮೂಡಣಕ್ಕೆ, ಚಳಿಗಾಲದ್ದು ಪಡುವಣಕ್ಕೆ.

ಗಾಳಿ ತಿರುಗಿತು, ನೀರೂ ತಿರುಗಿತು. ಇದರಲ್ಲಿ ಸೋಜಿಗವೇನೆಂದು ಕೇಳಬಹುದು. ಸೋಜಿಗವು ನಮ್ಮ ಕರಾವಳಿಯಲ್ಲಿಯೇ ಉಂಟು. ಚಳಿಗಾಲದಲ್ಲಿ ಮಂಗಳೂರು ಕಾರವಾರಗಳ ಮುಂದಣ ಕಡಲಿನ ಮೇಲೆ ಗಾಳಿಯು ಹೆಚ್ಚಾಗಿ ಬಡಗಣಿಂದ ಮೆಲ್ಲನೆ ಬೀಸುವುದು. ಪ್ರವಾಹವಾದರೋ ಅದಕ್ಕೆ ಎದುರಾಗಿ ಬಡಗಣಕ್ಕೇ ಸಾಗುವುದು. ಹಾಗಾದರೆ ಅದನ್ನು ದೂಡುವವರು ಯಾರು?

ದೂಡುವ ಗಾಳಿಯು ಬಹುದೂರದಲ್ಲಿ, ಬಂಗಾಳ ಕೊಲ್ಲಿಯಲ್ಲಿ ಇರುವುದು. ಅಲ್ಲಿನ ಗಾಳಿಯು ಕಡಲನ್ನು ಕದಡಿದಾಗ ಕೆಲ್ವಿನ್ ತರಂಗವೆಂಬ ನೀಳವಾದ ಅಲೆಯು ಹುಟ್ಟುವುದು. ಇದು ದಡಕ್ಕೆ ಬಡಿಯುವ, ಕಣ್ಣಿಗೆ ಕಾಣುವ ತೆರೆಯಲ್ಲ. ಭೂಮಿಯ ಭ್ರಮಣದ ದೆಸೆಯಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಇದು ದಡವನ್ನು ಯಾವಾಗಲೂ ಬಲಗಡೆಗೆ ಇರಿಸಿಕೊಂಡೇ ನಡೆಯಬೇಕು. ಆದುದರಿಂದ ಪೂರ್ವತೀರವನ್ನು ಅನುಸರಿಸಿ ತೆಂಕಣಕ್ಕಿಳಿದು, ಶ್ರೀಲಂಕೆಯನ್ನು ಬಳಸಿ, ನಮ್ಮ ಪಶ್ಚಿಮತೀರವನ್ನು ಏರುವುದು. ಕೊಲ್ಲಿಯ ಉಪ್ಪು ಕಡಮೆಯಾದ ನೀರೂ ಆ ಕಾಲದ ಪ್ರವಾಹಗಳೊಡನೆ ಇತ್ತ ಬರುವುದು.

ಇದನ್ನು ತಿಳಿದ ಬಗೆಯೆಂತು? ಹಿಂದೆ ನಾವಿಕರು ತಮ್ಮ ಹಡಗುಗಳು ದಾರಿ ತಪ್ಪಿ ಸರಿದುದನ್ನು ಬರೆದಿಡುತ್ತಿದ್ದರು. ಅದೇ ಮೊದಲನೆಯ ಲೆಕ್ಕ. ಈಗ ಲಂಗರು ಹಾಕಿ ನಿಲ್ಲಿಸಿದ ಯಂತ್ರಗಳು ಶಬ್ದದ ಮೂಲಕ ನೀರಿನ ವೇಗವನ್ನು ಅಳೆಯುತ್ತವೆ. ಆದರೆ ಅಳತೆಯು ಕಾರಣವನ್ನು ಹೇಳಲಾರದು. ಕೊಲ್ಲಿಯ ಗಾಳಿಯನ್ನು ನಿಲ್ಲಿಸಿ ನಮ್ಮ ತೀರದಲ್ಲಿ ಏನಾಗುವುದೆಂದು ನೋಡಲು ಯಾರಿಂದಾದೀತು? ಗಣಿತದ ಕಡಲಿನಲ್ಲಿ ಮಾತ್ರ ಅದು ಸಾಧ್ಯ. 1993ರಲ್ಲಿ ಮೆಕ್‌ಕ್ರಿಯರಿ, ಕುಂಡು, ಮೊಲಿನಾರಿ ಎಂಬ ವಿಜ್ಞಾನಿಗಳು ಪ್ರಕಟಿಸಿದ ಗಣಿತಪ್ರತಿಮೆಯು ಈ ದೂರದ ಸಂಬಂಧವನ್ನು ಸ್ಪಷ್ಟಪಡಿಸಿತು.

ಇದು ಪಂಡಿತರ ವಿನೋದವಷ್ಟೇ ಅಲ್ಲ. ಯಂತ್ರವು ಕೆಟ್ಟು ಮೀನುಗಾರರ ದೋಣಿಯೊಂದು ನಡುಗಡಲಿನಲ್ಲಿ ನಿಂತಿತೆನ್ನೋಣ. ಅದನ್ನು ಗಾಳಿಯೂ ಒಯ್ಯುವುದು, ನೀರೂ ಒಯ್ಯುವುದು. ಗಾಳಿಯೊಂದನ್ನೇ ನಂಬಿ ಹುಡುಕಹೊರಟವರು ಬರಿಯ ಕಡಲನ್ನು ಕಂಡು ಹಿಂದಿರುಗಬಹುದು. ದಡದಲ್ಲಿ ಕಾದು ನಿಂತ ಮನೆಯವರಿಗೆ ಈ ಲೆಕ್ಕದ ಬೆಲೆ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.