ಸ್ವರ್ಗದ ಸಿಂಹಾಸನವೂ ನಮ್ಮ ಮನಸ್ಸಾಕ್ಷಿಯೂ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಪರಲೋಕ ಮಂತ್ರವನ್ನು ನಾವು ಬಾಲ್ಯದಿಂದಲೂ ಜಪಿಸುತ್ತ ಬಂದಿದ್ದೇವೆ. ದೇವರ ರಾಜ್ಯವು ಬರಲೆಂದು ಅದರಲ್ಲಿ ದಿನವೂ ಬೇಡಿಕೊಳ್ಳುತ್ತೇವೆ. ಆದರೆ ದೇವರು ಸ್ವರ್ಗದಿಂದ ಆಳುತ್ತಾರೆ ಎಂಬುದರ ಅರ್ಥವೇನು? ಅವರ ಆಳ್ವಿಕೆ ನಿಜವಾದರೆ ಅನ್ಯಾಯವೇಕೆ ಮೆರೆಯುತ್ತದೆ? ನಿರಪರಾಧಿಗಳೇಕೆ ನರಳುತ್ತಾರೆ? ನಮ್ಮಲ್ಲಿ ಅನೇಕರು ರೋಗಿಯ ಹಾಸಿಗೆಯ ಬಳಿಯಲ್ಲಿ, ಸಮಾಧಿಯ ಬಳಿಯಲ್ಲಿ ಮೌನವಾಗಿ ಕೇಳಿಕೊಂಡ ಪ್ರಶ್ನೆಯಿದು.

ಸ್ವರ್ಗವೆಂದರೆ ಮೋಡಗಳಾಚೆಯ ಒಂದು ದೂರದ ಅರಮನೆಯಲ್ಲ. ದೇವರು ಸ್ವರ್ಗದಿಂದ ಆಳುತ್ತಾರೆ ಎಂದಾಗ, ಅವರ ಅಧಿಕಾರವು ಈ ಲೋಕದ ಯಾರೂ ಕೊಟ್ಟದ್ದಲ್ಲ, ಯಾರೂ ಕಸಿದುಕೊಳ್ಳಬಲ್ಲದ್ದೂ ಅಲ್ಲ ಎಂದು ನಾವು ಒಪ್ಪಿಕೊಳ್ಳುತ್ತೇವೆ. ಭೂಮಿಯ ಅರಸರಿಗೆ ಸಿಂಹಾಸನವು ವಂಶದಿಂದಲೋ ಯುದ್ಧದಿಂದಲೋ ಬರುತ್ತದೆ, ಹಾಗೆಯೇ ಹೋಗಿಬಿಡುತ್ತದೆ. ಕ್ರಿಸ್ತನ ರಾಜ್ಯಕ್ಕೆ ಮಾತ್ರ ಅಂತ್ಯವಿಲ್ಲವೆಂದು ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಸಾರಿತು. ಭಾನುವಾರದ ಬಲಿಪೂಜೆಯ ವಿಶ್ವಾಸಪ್ರಮಾಣದಲ್ಲಿ ನಾವು ಇಂದಿಗೂ ಅದನ್ನೇ ನಿವೇದಿಸುತ್ತೇವೆ.

1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ರಷ್ಯ, ಜರ್ಮನಿ, ಆಸ್ಟ್ರಿಯಗಳ ಸಿಂಹಾಸನಗಳು ಉರುಳಿದವು. ಅವುಗಳ ಜಾಗದಲ್ಲಿ ರಾಷ್ಟ್ರವನ್ನೂ ನಾಯಕನನ್ನೂ ದೇವರಂತೆ ಪೂಜಿಸುವ ಹೊಸ ಮತಗಳು ತಲೆಯೆತ್ತತೊಡಗಿದವು. ಇಂಥ ಸಮಯದಲ್ಲಿ, 1925ರ ಡಿಸೆಂಬರ್ 11ರಂದು, ಜಗದ್ಗುರು ಹನ್ನೊಂದನೆಯ ಪಿಯೂಸರು ‘ಕ್ವಾಸ್ ಪ್ರೀಮಾಸ್’ ಎಂಬ ವಿಶ್ವಪರಿಪತ್ರದ ಮೂಲಕ ಕ್ರಿಸ್ತರಾಜನ ಮಹೋತ್ಸವವನ್ನು ಸ್ಥಾಪಿಸಿದರು. ಮೊದಲು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಆಚರಿಸುತ್ತಿದ್ದ ಈ ಹಬ್ಬವು 1969ರ ಸುಧಾರಣೆಯಿಂದ ಪೂಜಾವರ್ಷದ ಕೊನೆಯ ಭಾನುವಾರಕ್ಕೆ ಬಂದಿತು.

ಈ ರಾಜನು ಆಳುವ ರೀತಿ ಎಂಥದು? ಪಿಲಾತನ ಮುಂದೆ ಯೇಸುಸ್ವಾಮಿ ತಮ್ಮ ರಾಜತ್ವವನ್ನು ಅಲ್ಲಗಳೆಯಲಿಲ್ಲ. ಅದನ್ನು ಕಾಪಾಡಿಕೊಳ್ಳಲು ಸೈನ್ಯವನ್ನೂ ಕರೆಯಲಿಲ್ಲ. ಹೀಬ್ರೂ, ಲ್ಯಾಟಿನ್, ಗ್ರೀಕ್ ಭಾಷೆಗಳಲ್ಲಿ ಅವರನ್ನು ಅರಸನೆಂದು ಸಾರಿದ ಫಲಕವನ್ನು ಶಿಲುಬೆಯ ಮೇಲೆಯೇ ತೂಗಹಾಕಿದರು. ಮುಳ್ಳುಗಳೇ ಕಿರೀಟ, ಕ್ಷಮೆಯೇ ರಾಜಾಜ್ಞೆ. ಆದಕಾರಣ ದುಃಖವಿರುವಲ್ಲಿ ದೇವರ ಆಳ್ವಿಕೆ ಇಲ್ಲವೆಂದು ನಾವು ಹೇಳಲಾರೆವು. ಅವರು ಬಲಾತ್ಕಾರದಿಂದ ಆಳುವವರಲ್ಲ, ನೋವಿನೊಳಗೆ ಇಳಿದು ಬಂದು ಪ್ರೀತಿಯಿಂದ ಗೆಲ್ಲುವವರು.

ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಇದನ್ನು ತನ್ನ ಜೀವದಿಂದಲೇ ತೋರಿಸಿಕೊಟ್ಟನು. ಮೂವರು ಪುಟ್ಟ ಹೆಣ್ಣುಮಕ್ಕಳ ತಂದೆಯಾದ ಆತ ಊರಿನ ಚರ್ಚಿನ ಸೇವೆಯನ್ನೂ ಮಾಡುತ್ತಿದ್ದನು. ಹಿಟ್ಲರನ ಯುದ್ಧವು ಅನ್ಯಾಯದ್ದೆಂದು ತಿಳಿದು, 1943ರಲ್ಲಿ ಅವನ ಸೈನ್ಯದಲ್ಲಿ ಹೋರಾಡಲು ನಿರಾಕರಿಸಿದನು. ಹೆಂಡತಿ ಮಕ್ಕಳ ಗತಿಯೇನೆಂದು ನೆಂಟರೂ ಗುರುಗಳೂ ತಿಳಿಹೇಳಿದರು. ಅವರೆಲ್ಲರ ಮಾತಿನಲ್ಲಿ ಪ್ರೀತಿಯಿತ್ತು. ಆದರೂ ಮನಸ್ಸಾಕ್ಷಿಯಲ್ಲಿ ಕೇಳಿಬಂದ ಮೇಲಿನ ಅರಸನ ಮಾತನ್ನು ಆತ ಮೀರಲಿಲ್ಲ. ಅದೇ ವರ್ಷ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಅವನ ಶಿರಚ್ಛೇದವಾಯಿತು. ಎರಡು ವರ್ಷಗಳೊಳಗೆ ಹಿಟ್ಲರನ ಆಳ್ವಿಕೆ ಬೂದಿಯಾಯಿತು. 2007ರಲ್ಲಿ ಲಿಂಜ್ ನಗರದ ಪ್ರಧಾನಾಲಯದಲ್ಲಿ ಧರ್ಮಸಭೆಯು ಆ ರೈತನಿಗೆ ಪುನೀತ ಪದವಿಯನ್ನಿತ್ತಾಗ, 94 ವರ್ಷದ ಅವನ ಪತ್ನಿ ಫ್ರಾನ್ಸಿಸ್ಕ ಅಲ್ಲಿ ಉಪಸ್ಥಿತಳಿದ್ದಳು.

ನಮ್ಮಿಂದ ಅಂಥ ಬಲಿದಾನವನ್ನು ಯಾರೂ ಕೇಳಲಿಕ್ಕಿಲ್ಲ. ಆದರೆ ಲಂಚವನ್ನು ಕೊಡುವಾಗ, ಕೂಲಿಯವನ ಮಜೂರಿಯನ್ನು ತಡೆಹಿಡಿಯುವಾಗ, ವರದಕ್ಷಿಣೆಯ ಮಾತುಕತೆಗೆ ಕುಳಿತಾಗ, ಕುಲವನ್ನು ನೋಡಿ ನೆರೆಯವನನ್ನು ದೂರವಿಡುವಾಗ, ನಮ್ಮನ್ನು ಆಳುತ್ತಿರುವವರು ಯಾರು? ದೀಕ್ಷಾಸ್ನಾನದಲ್ಲಿ ನಮ್ಮ ನೆತ್ತಿಗೆ ಪವಿತ್ರ ತೈಲವನ್ನು ಹಚ್ಚಿ, ಯಾಜಕನೂ ಪ್ರವಾದಿಯೂ ಅರಸನೂ ಆದ ಕ್ರಿಸ್ತನಲ್ಲಿ ನಮ್ಮನ್ನು ಪಾಲುಗಾರರನ್ನಾಗಿ ಮಾಡಿದರು. ಆ ಪಾಲು ಸೇವೆಯ ಪಾಲು.

ನೂರು ವರ್ಷಗಳಿಂದ ಈ ದೇವಾಲಯದ ಗಂಟೆಯು ನಮ್ಮ ಹಿರಿಯರನ್ನು ಕರೆಯಿತು. ಈಗ ನಮ್ಮನ್ನು ಕರೆಯುತ್ತಿದೆ. ಸ್ವರ್ಗದಲ್ಲಿ ನೆರವೇರುವ ದೇವಚಿತ್ತವು ನಮ್ಮ ಮನೆಯಲ್ಲಿ, ಹೊಲದಲ್ಲಿ, ಕಚೇರಿಯಲ್ಲಿ ನೆರವೇರುವಂತೆ ಬಾಳುವುದೇ ಶತಮಾನೋತ್ಸವದ ನಿಜವಾದ ಕಾಣಿಕೆ. ಕ್ರಿಸ್ತರಾಜನು ಅದಕ್ಕೆ ಬೇಕಾದ ಕೃಪೆಯನ್ನು ನಮ್ಮೆಲ್ಲರಿಗೂ ದಯಪಾಲಿಸಲಿ.