ಕಪಾಟಿನೊಳಗೂ ಊರು-ಕೇರಿ ಬೇಡ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸ್ಕಾಲರ್‌ಶಿಪ್ ಬರಲಿಲ್ಲ, ಹಾಸ್ಟೆಲಿನ ಸಾರು ನೀರಾಗಿದೆ ಅಂತ ನಾವು ಎಷ್ಟೋ ಸಲ ಧರಣಿ ಕೂತಿದ್ದೇವೆ. ಅದು ಹೊಟ್ಟೆಯ ಪ್ರಶ್ನೆ, ಬಿಡುವಂತಿಲ್ಲ. ಇವತ್ತು ಇನ್ನೊಂದು ಹಸಿವಿನ ಮಾತಾಡೋಣ.

ನಮ್ಮ ಎಷ್ಟೋ ಹಳ್ಳಿ ಸ್ಕೂಲುಗಳಲ್ಲಿ ಲೈಬ್ರರಿ ಅಂದರೆ ಹೆಡ್‌ಮಾಸ್ತರ ರೂಮಿನ ಒಂದು ಬೀರು, ಅದಕ್ಕೊಂದು ಬೀಗ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಭಯ ಮೇಷ್ಟರಿಗೆ; ಕೇಳಿದರೆ ಬೈತಾರೆ ಅನ್ನೋ ಭಯ ಮಕ್ಕಳಿಗೆ. ಈ ಎರಡು ಭಯದ ನಡುವೆ ಪುಸ್ತಕ ಗೆದ್ದಲಿನ ಪಾಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಏನು ಹೇಳುತ್ತೆ? ಒಂದರಿಂದ ಎಂಟನೇ ಕ್ಲಾಸಿನ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು. ಪತ್ರಿಕೆ, ಕಥೆಪುಸ್ತಕ, ಎಲ್ಲ ವಿಷಯದ ಪುಸ್ತಕ ಇರಬೇಕು. ಹಕ್ಕನ್ನು ಯಾರ ದಯೆ ಅಂತಲೂ ಕೇಳಬೇಕಾಗಿಲ್ಲ.

ಬೀಗ ತೆಗೆದರೆ ಸಾಕಾ? ಒಳಗೆ ಯಾರಿದ್ದಾರೆ ನೋಡಬೇಡವಾ? 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆಯೆದ್ದಿತು, ದಲಿತ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯ್ತು. ಪ್ರಶ್ನೆ ಮಾತ್ರ ಉಳಿಯಿತು. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಬಂತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಆಮೇಲೆ ‘ಕುಸುಮಬಾಲೆ’, ‘ಊರುಕೇರಿ’, ‘ಗೌರ್ಮೆಂಟ್ ಬ್ರಾಹ್ಮಣ’. ಗೀತಾ ನಾಗಭೂಷಣ ಬರೆದರು, ಸಾರಾ ಅಬೂಬಕ್ಕರ್ ಬರೆದರು. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ‘ನಿಮ್ಮವರ ಪುಸ್ತಕ ಎಲ್ಲಿದೆ’ ಅನ್ನೋ ನೆಪ ಇನ್ನು ನಡೆಯೋದಿಲ್ಲ.

ಹಾಗಂತ ಪಂಪನನ್ನೂ ಕುಮಾರವ್ಯಾಸನನ್ನೂ ಹೊರಗೆ ಹಾಕಿ ಅಂತ ನಾವು ಹೇಳೋದಿಲ್ಲ. ಹೊರಗೆ ನಿಲ್ಲೋ ನೋವು ನಮಗೆ ಗೊತ್ತು. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕೊಡಲಿಲ್ಲ, ಪರ್ಷಿಯನ್ ಓದಬೇಕಾಯ್ತು. ಅದೇ ಬಾಬಾಸಾಹೇಬರು ಮುಂದೆ ಧರ್ಮಶಾಸ್ತ್ರಗಳನ್ನೆಲ್ಲ ಅರೆದು ಕುಡಿದರು. ದಾದರಿನ ರಾಜಗೃಹವನ್ನು ಪುಸ್ತಕಗಳಿಗಾಗಿಯೇ ಅನ್ನುವ ಹಾಗೆ ಕಟ್ಟಿಸಿದರು. ಎದುರಾಳಿಯ ಪುಸ್ತಕವನ್ನೂ ಓದಿದವನಿಗೇ ಉತ್ತರ ಕೊಡೋ ತಾಕತ್ತು.

ಇನ್ನೊಂದು ಮೋಸ ಇದೆ, ಹುಷಾರು. ಮೂಲೆಯಲ್ಲೊಂದು ಅಂಬೇಡ್ಕರ್ ಕಪಾಟು ಇಟ್ಟು, ಏಪ್ರಿಲ್ 14ಕ್ಕೆ ಹಾರ ಹಾಕಿ, ಮತ್ತೆ ಮುಚ್ಚೋದು. ಅದು ಕೇರಿ ತಾನೆ? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಕಾಳವ್ವೆಯರ ವಚನ ಬಸವಣ್ಣನ ಪಕ್ಕದಲ್ಲೇ ಇರಲಿ. 1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ನಮ್ಮ ಜನ ಯಾಕೆ ನಡೆದರು ಅಂತ ಗೌಡರ ಮಗನೂ ಓದಲಿ. ಅವನಿಗೆ ಅದು ನಮಗಿಂತ ಹೆಚ್ಚು ಬೇಕು. ಸೋಲಿಗರ ಹುಡುಗಿಗೆ ಅವಳ ಕಾಡಿನ ಕಥೆ ಸಿಗಲಿ. ಕಣ್ಣು ಕಾಣದ ಗೆಳೆಯನಿಗೆ ಬ್ರೈಲ್ ಪುಸ್ತಕ ಬರಲಿ.

ಈಗ ಕೆಲಸ. ರಜೆಗೆ ಊರಿಗೆ ಹೋದಾಗ ನೀವು ಓದಿದ ಸ್ಕೂಲಿಗೆ ಹೋಗಿ. ಸ್ಟಾಕ್ ರಿಜಿಸ್ಟರ್ ಕೇಳಿ, ಏನಿದೆ ಏನಿಲ್ಲ ಬರಕೊಳ್ಳಿ. ಮಕ್ಕಳನ್ನೇ ಕೇಳಿ ಇಪ್ಪತ್ತು ಪುಸ್ತಕದ ಪಟ್ಟಿ ಮಾಡಿ. ನಿಮ್ಮ ಅಪ್ಪ ಅವ್ವ ಎಸ್‌ಡಿಎಂಸಿ ಸಭೆಗೆ ಹೋಗಿ ಆ ಪಟ್ಟಿ ಮುಂದಿಡಲಿ. ಪುಸ್ತಕ ಹರಿದರೆ ಹರಿಯಲಿ, ಓದಿ ಹರಿಯಲಿ. ಕೆರೆ ಮುಟ್ಟಿದ ಜನ ನಾವು. ಒಂದು ಬೀರುವಿನ ಬೀಗಕ್ಕೆ ಹೆದರೋದಾ?

ಜೈ ಭೀಮ್.