ಕಪ್ಪೆಯಾದವನ ಕಥೆ: ಆನ್‌ಲೈನ್ ಆಟದ ಊರಿನಲ್ಲಿ ನ್ಯಾಯ

ಊರ ಹಬ್ಬದ ಕಬಡ್ಡಿ ಪಂದ್ಯದಲ್ಲಿ ಜಗಳವಾದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಂಪೈರ್ ಸೀಟಿ ಊದುತ್ತಾನೆ, ಒಬ್ಬನನ್ನು ಹೊರಗೆ ಕಳಿಸುತ್ತಾನೆ. ಹೊರಗೆ ಹೋದವನು ಗೊಣಗಬಹುದು, ಹಿರಿಯರ ಬಳಿ ದೂರು ಹೇಳಬಹುದು. ಸುತ್ತ ನಿಂತ ನೂರಾರು ಜನ ಕಣ್ಣಾರೆ ಕಂಡಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಅಂಪೈರ್ ಮೈದಾನದ ಮಾಲೀಕನಲ್ಲ. ಆಟಗಾರನ ಹೆಸರನ್ನೂ ಅವನು ಹಿಂದೆ ಗೆದ್ದ ಕಪ್ಪನ್ನೂ ಕಿತ್ತುಕೊಂಡು ಇಂಥವನು ಈ ಊರಿನಲ್ಲಿ ಹುಟ್ಟಿಯೇ ಇರಲಿಲ್ಲ ಎಂದು ಘೋಷಿಸುವ ಅಧಿಕಾರ ಅವನಿಗಿಲ್ಲ.

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸಾವಿರಾರು ಜನ ಒಟ್ಟಿಗೆ ಸೇರಿ ಆಡುವ ಆಟಗಳಲ್ಲಿ ಈ ಅಧಿಕಾರ ಇದೆ. ಮೈದಾನ, ಸೀಟಿ, ಆಟಗಾರ ತೊಟ್ಟ ಅಂಗಿ ಮೂರೂ ಒಬ್ಬರ ಕೈಯಲ್ಲೇ ಇರುತ್ತವೆ. ಬೈದವನನ್ನು, ಮೋಸ ಮಾಡಿದವನನ್ನು, ಹೆಣ್ಣುಮಕ್ಕಳನ್ನು ಪೀಡಿಸಿದವನನ್ನು ತಡೆಯಲು ಕಂಪೆನಿ ನೇಮಿಸಿದ ಅಥವಾ ಆಟಗಾರರ ನಡುವಿನಿಂದಲೇ ಆರಿಸಿದ ಜನರಿಗೆ ಮಾಡರೇಟರ್ ಎಂದು ಹೆಸರು. ಅವರು ಒಂದು ಗುಂಡಿ ಒತ್ತಿದರೆ ಐದು ವರ್ಷ ಆಡಿ ಗಳಿಸಿದ್ದೆಲ್ಲ ಕ್ಷಣದಲ್ಲಿ ಮಾಯ. ಇಷ್ಟು ಸುಲಭವಾಗಿ ಶಿಕ್ಷೆ ಕೊಡಬಹುದಾದ ಕಡೆ ನ್ಯಾಯ ಹೇಗೆ ಮಾಡಬೇಕು? ‘ಆಟ ತಾನೆ, ಬಿಡಿ’ ಎಂದು ತಳ್ಳಿಹಾಕುವಂತಿಲ್ಲ. ಮೂರು ದಶಕಗಳ ಹಿಂದೆಯೇ ಈ ಪ್ರಶ್ನೆ ಒಂದು ಸಣ್ಣ ಆಟದ ಊರನ್ನು ಅಲ್ಲಾಡಿಸಿತ್ತು.

ಇಂಥ ಆಟಗಳ ಮೂಲ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ. ಅಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ‘ಮಡ್’ ಎಂಬ ಆಟ ಕಟ್ಟಿದರು. ಚಿತ್ರವಿಲ್ಲ, ಸದ್ದಿಲ್ಲ, ಎಲ್ಲವೂ ಅಕ್ಷರ. ‘ಉತ್ತರಕ್ಕೆ ಹೋಗು’ ಎಂದು ಟೈಪ್ ಮಾಡಿದರೆ ಮುಂದಿನ ಕೋಣೆಯ ವರ್ಣನೆ ಪರದೆಯ ಮೇಲೆ ಮೂಡುತ್ತದೆ. ಆ ಕೋಣೆಯಲ್ಲಿ ಇನ್ನೊಬ್ಬ ಆಟಗಾರನಿದ್ದರೆ ಅವನ ಜೊತೆ ಮಾತಾಡಬಹುದು, ಹೊಡೆದಾಡಬಹುದು. ಚೆನ್ನಾಗಿ ಆಡಿ ಮೇಲೇರಿದವರಿಗೆ ‘ವಿಝರ್ಡ್’, ಅಂದರೆ ಮಾಂತ್ರಿಕ ಎಂಬ ಪದವಿ. ಮಾಂತ್ರಿಕರು ಆಟದ ಲೋಕದಲ್ಲಿ ಏನು ಬೇಕಾದರೂ ಮಾಡಬಲ್ಲವರು. ಇಂದಿನ ಮಾಡರೇಟರುಗಳ ಪೂರ್ವಜರು ಇವರೇ.

ಅದೇ ವಂಶದ ಇನ್ನೊಂದು ಲೋಕ ‘ಲ್ಯಾಂಬ್ಡಾಮೂ’. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಝೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಇದನ್ನು ಶುರುಮಾಡಿದರು. ತಮ್ಮ ಮನೆಯ ಮಾದರಿಯಲ್ಲೇ ಅಕ್ಷರಗಳ ದೊಡ್ಡ ಬಂಗಲೆಯೊಂದನ್ನು ಕಟ್ಟಿದರು. ಜನ ಬಂದರು, ಹೊಸ ಕೋಣೆಗಳನ್ನು ಕಟ್ಟಿಕೊಂಡರು, ಹರಟೆ ಹೊಡೆದರು, ಸ್ನೇಹ ಬೆಳೆಸಿದರು. ಗೆಲ್ಲುವುದು ಸೋಲುವುದು ಎಂಬುದೇನೂ ಇರದ ಆಟ ಅದು. ಜನ ಸೇರಿದ ಮೇಲೆ ಜಗಳ ಇಲ್ಲದಿರುತ್ತದೆಯೇ? ದಿನವೂ ಪಂಚಾಯಿತಿ ಮಾಡಿ ಸಾಕಾದ ಕರ್ಟಿಸ್ 1992ರ ಡಿಸೆಂಬರ್‌ನಲ್ಲಿ ಒಂದು ಪ್ರಕಟಣೆ ಹೊರಡಿಸಿದರು: ಮಾಂತ್ರಿಕರು ಇನ್ನು ಯಂತ್ರದ ಕೆಲಸ ಮಾತ್ರ ನೋಡಿಕೊಳ್ಳುತ್ತಾರೆ, ಜನರ ತಂಟೆ ತಕರಾರುಗಳನ್ನು ಜನರೇ ಬಗೆಹರಿಸಿಕೊಳ್ಳಲಿ. ಹೇಗೆ ಬಗೆಹರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಹಳೆಯ ಗೌಡ ಕುರ್ಚಿ ಬಿಟ್ಟೆದ್ದ. ಹೊಸ ಪಂಚಾಯಿತಿ ಕೂಡಲಿಲ್ಲ.

ಮೂರು ತಿಂಗಳು ಕಳೆಯಿತು. 1993ರ ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ ಆ ಬಂಗಲೆಯ ಹಜಾರಕ್ಕೆ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನ ಪಾತ್ರವೊಂದು ಬಂತು. ವೇಷ ಕೊಳಕು ವಿದೂಷಕನದು. ಅವನ ಬಳಿ ಇದ್ದ ಒಂದು ಪುಟ್ಟ ಪ್ರೋಗ್ರಾಮಿಗೆ ವೂಡೂ ಬೊಂಬೆ ಎಂದು ಹೆಸರು. ಮಾಟದ ಬೊಂಬೆ ಎನ್ನೋಣ. ಅದನ್ನು ಬಳಸಿದರೆ ಇನ್ನೊಬ್ಬರ ಪಾತ್ರ ಏನು ಮಾಡುತ್ತಿದೆ ಎಂಬುದನ್ನು ಇವನೇ ಬರೆಯಬಹುದು. ನೋಡುವವರಿಗೆ ಆ ಪಾತ್ರವೇ ಹಾಗೆ ಮಾಡಿದಂತೆ ಕಾಣುತ್ತದೆ. ಹಜಾರದಲ್ಲಿದ್ದ ಕೆಲವು ಪಾತ್ರಗಳು ಎಲ್ಲರ ಎದುರಿಗೆ ಅಸಹ್ಯವಾದ, ಹಿಂಸೆಯ ಲೈಂಗಿಕ ಕೃತ್ಯಗಳನ್ನು ಮಾಡಿದಂತೆ ಅವನು ಬರೆಯುತ್ತಾ ಹೋದ. ಹಳಬನೊಬ್ಬ ಬಂದು ಅವನನ್ನು ಮಾಯದ ಪಂಜರದಲ್ಲಿ ಕೂಡಿಹಾಕುವವರೆಗೂ ಇದು ನಡೆಯಿತು.

ಯಾರ ಮೈಯನ್ನೂ ಯಾರೂ ಮುಟ್ಟಿರಲಿಲ್ಲ. ಆದರೆ ಗುರಿಯಾದವರಲ್ಲಿ ಸಿಯಾಟಲ್ ನಗರದ ಒಬ್ಬ ಮಹಿಳೆ ಮರುದಿನ ತಮ್ಮ ದೂರನ್ನು ಟೈಪ್ ಮಾಡುವಾಗ ಕಣ್ಣಿಂದ ನೀರು ಇಳಿಯುತ್ತಿತ್ತು ಎಂದು ನಂತರ ಹೇಳಿದರು. ಅವರು ಕೇಳಿದ ಶಿಕ್ಷೆ: ಬಂಗಲ್‌ನನ್ನು ‘ಕಪ್ಪೆ’ ಮಾಡಿ. ಮಾಂತ್ರಿಕರು ಸಿಟ್ಟಾದರೆ ಆಟಗಾರನನ್ನು ನೆಲಗಪ್ಪೆಯಾಗಿಸುವುದು ಹಳೆಯ ಆಟಗಳ ಪದ್ಧತಿ. ಲ್ಯಾಂಬ್ಡಾಮೂದಲ್ಲಿ ಆ ಮಾತಿಗೆ ಪಾತ್ರವನ್ನು ಅಳಿಸಿಹಾಕುವುದು ಎಂಬ ಅರ್ಥ. ಅಂದರೆ ಮರಣದಂಡನೆ.

ವಾದಗಳು ಶುರುವಾದವು. ಅವುಗಳಲ್ಲಿ ಒಂದನ್ನು ಗಮನಿಸಬೇಕು, ಏಕೆಂದರೆ ಇವತ್ತಿಗೂ ಎಲ್ಲ ಆಟಗಳಲ್ಲಿ ಅದೇ ಮಾತು ಕೇಳಿಬರುತ್ತದೆ. ‘ಅವನ ಮಾತು ಕಾಣದಂತೆ ಮಾಡುವ ಸೌಲಭ್ಯ ಇದೆಯಲ್ಲ, ಅದನ್ನು ಒತ್ತಿ ಸುಮ್ಮನಿರಬಾರದೆ?’ ಕೇಳಲು ಸರಿ ಅನ್ನಿಸುತ್ತದೆ. ಆದರೆ ಕಣ್ಣು ಮುಚ್ಚಿಕೊಂಡದ್ದು ಪೀಡೆಗೊಳಗಾದವರು ಮಾತ್ರ. ಹಜಾರದಲ್ಲಿದ್ದ ಉಳಿದವರಿಗೆ ಅವರ ಅವಮಾನ ಕಾಣುತ್ತಲೇ ಇರುತ್ತದೆ. ಬೀದಿಯಲ್ಲಿ ನಿಂತು ಒಬ್ಬ ಬೈಯುತ್ತಿದ್ದರೆ ಬೈಸಿಕೊಂಡವರಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳಿದ ಹಾಗೆ.

ಇನ್ನೊಂದು ಪಕ್ಷದ ವಾದಕ್ಕೂ ತೂಕವಿತ್ತು. ಇಂಥದ್ದನ್ನು ಮಾಡಬಾರದು ಎಂದು ಎಲ್ಲಿ ಬರೆದಿತ್ತು? ಬರೆಯದ ನಿಯಮ ಮುರಿದದ್ದಕ್ಕೆ ಅತಿ ದೊಡ್ಡ ಶಿಕ್ಷೆ ಕೊಟ್ಟರೆ ನಾಳೆ ಯಾರ ಸರದಿ? ಇದನ್ನೆಲ್ಲ ತೀರ್ಮಾನಿಸಲು ಸುಮಾರು ಮೂವತ್ತು ಜನ ಆ ಬಂಗಲೆಯ ಒಂದು ಕೋಣೆಯಲ್ಲಿ ಸಭೆ ಸೇರಿದರು. ಸಭೆಯ ನಡುವೆ ಬಂಗಲ್ ತಾನೇ ಬಂದ. ಅದೊಂದು ಪ್ರಯೋಗ, ತನ್ನ ನಿಜ ಜೀವನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬರ್ಥದ ಮಾತಾಡಿದ. ಹೆಚ್ಚು ಕಡಿಮೆ ಮೂರು ಗಂಟೆ ನಡೆದ ಸಭೆ ಯಾವ ನಿರ್ಧಾರಕ್ಕೂ ಬಾರದೆ ಮುಗಿಯಿತು. ಎಲ್ಲರೂ ಹೋದ ಮೇಲೆ, ಸಭೆಯನ್ನು ಕೇಳುತ್ತಾ ಕೂತಿದ್ದ ಒಬ್ಬ ಮಾಂತ್ರಿಕ ಒಬ್ಬನೇ ಯೋಚಿಸಿ, ಒಬ್ಬನೇ ನಿರ್ಧರಿಸಿ ಬಂಗಲ್‌ನನ್ನು ಅಳಿಸಿಹಾಕಿದ. ನ್ಯೂಯಾರ್ಕಿನ ವಾರಪತ್ರಿಕೆ ‘ದಿ ವಿಲೇಜ್ ವಾಯ್ಸ್’ನಲ್ಲಿ ಜೂಲಿಯನ್ ಡಿಬೆಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಈ ಕಥೆಯನ್ನು ಬರೆದ ಮೇಲೆ ಅದು ಜಗತ್ತಿಗೆ ತಿಳಿಯಿತು.

ಬಂಗಲ್ ಶಿಕ್ಷೆಗೆ ಅರ್ಹನೇ? ಹೌದು, ಅದರಲ್ಲಿ ಅನುಮಾನ ಬೇಕಿಲ್ಲ. ಹಾಗಿದ್ದರೂ ಮನಸ್ಸಿಗೆ ಕಸಿವಿಸಿಯಾಗುವುದು ಏಕೆಂದರೆ, ಆ ರಾತ್ರಿ ಸರಿಯಾದ ತೀರ್ಪು ಕೊಟ್ಟ ಕೈಯೇ ಇನ್ನೊಂದು ರಾತ್ರಿ ತಪ್ಪು ತೀರ್ಪನ್ನೂ ಅಷ್ಟೇ ಸಲೀಸಾಗಿ ಕೊಡಬಹುದಿತ್ತು, ಕೇಳುವವರು ಇರಲಿಲ್ಲ. ತಪ್ಪಿತಸ್ಥನ ವಿಷಯದಲ್ಲಿ ಕ್ರಮ ತಪ್ಪಿದರೆ ಯಾರೂ ಮರುಗುವುದಿಲ್ಲ. ನಿರಪರಾಧಿಯ ವಿಷಯದಲ್ಲಿ ತಪ್ಪಿದಾಗ ಕ್ರಮ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಕರ್ಟಿಸ್‌ಗೆ ಇದು ಅರ್ಥವಾಯಿತು. ಊರಿಗೆ ಮರಳಿದ ಅವರು ಅರ್ಜಿ ಮತ್ತು ಮತದಾನದ ಪದ್ಧತಿ ತಂದರು. ಯಾರು ಬೇಕಾದರೂ ಅರ್ಜಿ ಬರೆಯಬಹುದು. ಸಾಕಷ್ಟು ಸಹಿ ಬಿದ್ದರೆ ಮತಕ್ಕೆ ಹಾಕುತ್ತಾರೆ. ಒಂದಕ್ಕೆ ಎರಡರಷ್ಟು ಮತ ಪರವಾಗಿ ಬಂದರೆ ಮಾಂತ್ರಿಕರು ಜಾರಿಗೆ ತರಬೇಕು. ಜಗಳ ತೀರಿಸಲು ಆಟಗಾರರ ಪಂಚರೂ ಬಂದರು. ಇಷ್ಟಾದ ಮೇಲೆ ಎಲ್ಲ ಸುಸೂತ್ರವಾಯಿತೆ? ಇಲ್ಲ. ಅರ್ಜಿಯ ಮೇಲೆ ಅರ್ಜಿ, ವ್ಯಾಜ್ಯದ ಮೇಲೆ ವ್ಯಾಜ್ಯ. 1996ರಲ್ಲಿ ಮಾಂತ್ರಿಕರು ಮತ್ತೊಂದು ಪ್ರಕಟಣೆ ಹೊರಡಿಸಿ, ಜನರ ವಿಷಯದಲ್ಲಿ ತಲೆಹಾಕದೆ ಯಂತ್ರ ಮಾತ್ರ ನೋಡಿಕೊಳ್ಳುವುದು ಆಗದ ಮಾತು ಎಂದು ಒಪ್ಪಿಕೊಂಡರು. ಈ ಒಪ್ಪಿಗೆಗೆ ಬೆಲೆಯಿದೆ. ಗುಂಡಿ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಜನ ಮತ ಹಾಕಿದರು ಎಂದು ಕೈತೊಳೆದುಕೊಳ್ಳುವಂತಿಲ್ಲ.

ಮಾಡರೇಟರೇ ತಪ್ಪು ಮಾಡಿದಾಗ? ಇದಕ್ಕೊಂದು ಹಿಂದಿನ ಕಥೆ ಇದೆ, ತಮಾಷೆಯದು. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಕಂಪೆನಿ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ‘ಹ್ಯಾಬಿಟ್ಯಾಟ್’ ಎಂಬ ಚಿತ್ರಸಹಿತ ಲೋಕವನ್ನು ಪ್ರಯೋಗಕ್ಕೆ ಬಿಟ್ಟಿತು. ಕಟ್ಟಿದವರು ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್. ಅಲ್ಲಿ ಕಳವು ಮಾಡಬಹುದಿತ್ತು, ಗುಂಡು ಹಾರಿಸಬಹುದಿತ್ತು. ಇದನ್ನು ಕಂಡು ನಿಜ ಜೀವನದಲ್ಲಿ ಗ್ರೀಕ್ ಆರ್ಥೊಡಾಕ್ಸ್ ಪಾದ್ರಿಯಾಗಿದ್ದ ಆಟಗಾರರೊಬ್ಬರು ಆಟದೊಳಗೇ ಒಂದು ಮಠ ಸ್ಥಾಪಿಸಿ, ಸೇರಿದವರು ಆಯುಧ ಹಿಡಿಯಕೂಡದು, ಕದಿಯಕೂಡದು ಎಂದು ವ್ರತ ಹಾಕಿದರು. ಇನ್ನುಳಿದವರು ಮತ ಹಾಕಿ ಒಬ್ಬ ಶೆರೀಫನನ್ನು ಆರಿಸಿದರು. ನಮ್ಮ ಲೆಕ್ಕದಲ್ಲಿ ಊರ ಅಮಲ್ದಾರ.

ಆ ಲೋಕದ ಒಂದು ಗುಹೆಯಲ್ಲಿ ‘ಸಾವು’ ಎಂಬ ಪಾತ್ರವಿತ್ತು. ಕಂಪೆನಿಯ ನೌಕರರೇ ಆ ವೇಷ ತೊಟ್ಟು, ಒಂದೇ ಏಟಿಗೆ ಕೊಲ್ಲುವ ವಿಶೇಷ ಬಂದೂಕು ಹಿಡಿದು ಆಡುತ್ತಿದ್ದರು. ಒಂದು ದಿನ ನೌಕರನ ಅಜಾಗರೂಕತೆಯಿಂದ ಸಾವೇ ಸತ್ತಿತು. ಬಂದೂಕು ಒಬ್ಬ ಆಟಗಾರನ ಕೈಸೇರಿತು. ಗಾಬರಿಯಾದ ಮೇಲಿನವರು ಮೊದಲು ಮಾಡಿದ್ದು ಗದರಿಕೆ: ಹಿಂತಿರುಗಿಸು, ಇಲ್ಲದಿದ್ದರೆ ಆಟದಿಂದಲೇ ಹೊರಗೆ. ಆದರೆ ಅವನು ಯಾವ ನಿಯಮ ಮುರಿದಿದ್ದ? ಆಟದ ರೀತಿಯಲ್ಲೇ ಗೆದ್ದಿದ್ದ. ಕೊನೆಗೆ ಆಟದೊಳಗೇ ಮಾತುಕತೆ ನಡೆದು, 10,000 ಟೋಕನ್ ಒತ್ತೆಹಣ ಕೊಟ್ಟು ಎಲ್ಲರೆದುರು ಬಂದೂಕು ಬಿಡಿಸಿಕೊಂಡರು. ತಮ್ಮ ನೌಕರನ ತಪ್ಪಿಗೆ ಆಟಗಾರನ ತಲೆ ತೆಗೆಯಲಿಲ್ಲ. ಅದೇ ಲೋಕದಲ್ಲಿ ಒಂದು ಯಂತ್ರದಲ್ಲಿ ಅಗ್ಗಕ್ಕೆ ಸಿಕ್ಕ ವಸ್ತುವನ್ನು ಇನ್ನೊಂದಕ್ಕೆ ದುಬಾರಿಗೆ ಮಾರಿ ಕೆಲವರು ಒಂದೇ ರಾತ್ರಿಯಲ್ಲಿ ಕುಬೇರರಾದಾಗಲೂ, ಬೆಲೆ ತಪ್ಪಾಗಿ ಬರೆದದ್ದು ತಾವೇ ಎಂದು ಕಂಪೆನಿ ಹಣ ಕಿತ್ತುಕೊಳ್ಳಲಿಲ್ಲ. ಆ ಕುಬೇರರು ಅದೇ ಹಣದಿಂದ ಊರಿಗೆಲ್ಲ ನಿಧಿ ಹುಡುಕುವ ಆಟ ಏರ್ಪಡಿಸಿದರು.

ಆಡುವವರು ಕೋಟಿಗಟ್ಟಲೆ ಆದಾಗ ಇಂಥ ಮಾತುಕತೆಗೆ ವೇಳೆ ಎಲ್ಲಿದೆ? ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಕಂಪೆನಿ 2011ರಲ್ಲಿ ಆಟಗಾರರನ್ನೇ ಜೂರಿ ಮಾಡಿತು. ದೂರು ಬಂದವನ ಮಾತುಗಳ ದಾಖಲೆ ಓದಿ ಅವರು ಶಿಕ್ಷೆಯೋ ಕ್ಷಮೆಯೋ ಹೇಳಬೇಕಿತ್ತು. 2014ರ ಹೊತ್ತಿಗೆ ಅದು ನಿಂತುಹೋಯಿತು, ಆದರೆ ಒಂದು ಪಾಠ ಉಳಿಯಿತು. ನೀನು ಆಡಿದ ಈ ಮಾತಿಗೆ ಈ ಶಿಕ್ಷೆ ಎಂದು ಅವನ ಮಾತನ್ನೇ ಅವನ ಮುಂದಿಟ್ಟರೆ ಮತ್ತೆ ತಪ್ಪು ಮಾಡುವವರು ಕಡಿಮೆಯಾಗುತ್ತಾರೆ ಎಂದು ಕಂಪೆನಿಯ ಸಂಶೋಧಕರು ಹೇಳಿದರು. ಕಾರಣ ಹೇಳದೆ ಬಾಗಿಲು ಹಾಕಿದರೆ ಹೊರಗಿದ್ದವನಿಗೆ ಸಿಟ್ಟು ಮಾತ್ರ ಬರುತ್ತದೆ. ‘ಕೌಂಟರ್ ಸ್ಟ್ರೈಕ್’ ಆಟದಲ್ಲಿ 2013ರಲ್ಲಿ ಬಂದ ವ್ಯವಸ್ಥೆ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಮೋಸದ ದೂರನ್ನು ಪರಿಶೀಲಿಸುವ ಅನುಭವಿ ಆಟಗಾರರಿಗೆ ಪಂದ್ಯದ ಚಿತ್ರಣ ಕಾಣುತ್ತಿತ್ತು, ಆಪಾದಿತನ ಹೆಸರು ಕಾಣುತ್ತಿರಲಿಲ್ಲ. ಸ್ನೇಹಿತನೆಂದು ಬಿಡುವಂತಿರಲಿಲ್ಲ, ಹಗೆಯೆಂದು ಹಿಡಿಯುವಂತಿರಲಿಲ್ಲ.

ಬೈಗುಳ ಹಿಡಿಯುವ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರಕ್ಕೆ ವಹಿಸಿದ್ದಾರೆ. ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಕಷ್ಟ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ತೋರ್ಪ್ ಪಟ್ಟಣದವರು ಅಮೆರಿಕ ಆನ್‌ಲೈನ್ ಸೇವೆಗೆ ಸೇರಲು ಹೋದರೆ ಅವರ ಊರಿನ ಹೆಸರಿನೊಳಗೆ ಒಂದು ಅಶ್ಲೀಲ ಪದದ ಅಕ್ಷರಗಳು ಅಡಗಿವೆ ಎಂದು ಯಂತ್ರ ತಡೆದಿತ್ತು. ಕನ್ನಡಿಗರಿಗೂ ಈ ಕಷ್ಟ ತಪ್ಪಿದ್ದಲ್ಲ. ಹರ್ಷಿತಾ, ರಕ್ಷಿತಾ, ಅಕ್ಷಿತಾ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ: ಪ್ರತಿಯೊಂದರ ನಡುವೆಯೂ ಇಂಗ್ಲಿಷಿನ ನಾಲ್ಕಕ್ಷರದ ಹೊಲಸು ಪದವೊಂದು ಕೂತಿದೆ. ಅಕ್ಷರ ಮಾತ್ರ ಹುಡುಕುವ ಯಂತ್ರ ಈ ಹುಡುಗಿಯರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅತ್ತ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಕನ್ನಡದ ಬೈಗುಳ ಬರೆದವನು ಆರಾಮವಾಗಿ ಒಳಗೆ ನಡೆಯುತ್ತಾನೆ. ಭಾಷೆ ಗೊತ್ತಿರುವ ಒಬ್ಬ ಮನುಷ್ಯ ಇರದ ಕಡೆ ಮರ್ಯಾದಸ್ಥರಿಗೇ ದಂಡ.

ಮನೆಯಲ್ಲಿ ಒಂದೇ ಮೊಬೈಲು, ಅಣ್ಣ ತಮ್ಮ ಅಕ್ಕ ಸರದಿಯಂತೆ ಆಡುತ್ತಾರೆ. ತಮ್ಮ ಬೈದ, ಅಕ್ಕನ ಖಾತೆ ಹೋಯಿತು. ಇದನ್ನು ಯಾರಿಗೆ ಹೇಳಬೇಕು? ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗ ಇಂಥ ಸೇವಾ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಬೇಕು, 24 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು ಎಂದು ಗೊತ್ತುಪಡಿಸಿದವು. 2023ರಲ್ಲಿ ಮೇಲ್ಮನವಿ ಸಮಿತಿಗಳೂ ಬಂದವು. ಕಾಗದದ ಮೇಲೆ ದಾರಿ ಇದೆ. ಹದಿನಾಲ್ಕರ ಹುಡುಗ ಆ ದಾರಿ ಹಿಡಿದು ಹೋಗಿ ಕನ್ನಡದಲ್ಲಿ ಉತ್ತರ ಪಡೆಯುವುದು ಬೇರೆ ಮಾತು.

ಲ್ಯಾಂಬ್ಡಾಮೂ ಬಂಗಲೆಯ ಕಥೆಗೆ ಒಂದು ಬಾಲವಿದೆ. ಬಂಗಲ್ ಅಳಿದ ಕೆಲವೇ ದಿನಗಳಲ್ಲಿ ‘ಡಾಕ್ಟರ್ ಜೆಸ್ಟ್’ ಎಂಬ ಹೊಸ ಪಾತ್ರ ಆ ಮನೆಯೊಳಗೆ ಓಡಾಡತೊಡಗಿತು. ಮಾತಿನ ಧಾಟಿ ನೋಡಿ ಇವನು ಅವನೇ ಎಂದು ಜನ ಬೇಗ ಪತ್ತೆಮಾಡಿದರು. ಮತ್ತೆ ಕಪ್ಪೆ ಮಾಡಬೇಕೆ ಎಂಬ ಚರ್ಚೆಯೂ ಎದ್ದಿತು. ಆದರೆ ಈ ಹೊಸಬ ಹಳಬನಷ್ಟು ದುಷ್ಟನಾಗಿರಲಿಲ್ಲ. ಈ ಸಲ ಯಾವ ಮಾಂತ್ರಿಕನೂ ಗುಂಡಿ ಒತ್ತಲಿಲ್ಲ. ಸ್ವಲ್ಪ ಕಾಲ ಓಡಾಡಿಕೊಂಡಿದ್ದು, ಆಮೇಲೆ ಅವನಾಗಿಯೇ ಬರುವುದನ್ನು ಕಡಿಮೆ ಮಾಡಿದ.